ಬೈಸಿಕೊಳ್ಳಲು ಹೊರಟ ಬೇಲೀಫ

ನನ್ನ ಸೋದರಮಾವನಿಗೆ ಬೈಸಿಕೊಳ್ಳುವ ಚಟವಿದೆ.

ಕೆಲವರಿಗೆ ತಂಬಾಕು, ಕೆಲವರಿಗೆ ಇಸ್ಪೀಟು, ಇನ್ನು ಕೆಲವರಿಗೆ ಕಂಡವರ ಮದುವೆಯ ಊಟ. ನಮ್ಮ ಮಾಮಾನಿಗೆ ಮಾತ್ರ ಯಾರಾದರೂ ಎದುರಿಗೆ ನಿಂತು, ಕಣ್ಣಲ್ಲಿ ಕಣ್ಣಿಟ್ಟು, ಮನಸಾರೆ ಬೈಯಬೇಕು. ಅದಕ್ಕಾಗಿ ಬಸ್ಸು ಹತ್ತಿ ಊರೂರು ತಿರುಗುತ್ತಾನೆ. ಇಷ್ಟು ಹಂಬಲಿಸಿದರೂ ಬೈಗುಳ ಸಿಗದ ನತದೃಷ್ಟ ಈ ಜಿಲ್ಲೆಯಲ್ಲಿ ಇನ್ನೊಬ್ಬನಿರಲಾರ. ವಿಜಯಪುರದ ಇಬ್ರಾಹಿಂಪುರ ಬಡಾವಣೆಯ ನಮ್ಮ ಓಣಿಯಲ್ಲಿ ನಳದ ಹತ್ತಿರ ಐದು ನಿಮಿಷ ನಿಂತರೆ ಬೇಡವೆಂದರೂ ಸಿಗುವ ಪದಾರ್ಥ ಅದು. ಆದರೆ ಮಾಮಾನಿಗೆ ಪುಕ್ಕಟೆ ಸಿಕ್ಕ ಬೈಗುಳ ನಡೆಯುವುದಿಲ್ಲ. ತಾನು ಮಾಡಿದ್ದಕ್ಕೆ ಅಳತೆ ತೆಗೆದು ಹೊಲಿದಂಥ ಬೈಗುಳವೇ ಆಗಬೇಕು.

ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ನನ್ನ ಡೈರಿಯಲ್ಲಿ ನಾಲ್ಕು ಕಾಲಮ್ಮಿನ ಪಟ್ಟಿಯಿದೆ: ತಾರೀಖು, ಊರು, ಬಾಗಿಲು, ಫಲಿತಾಂಶ. ಮೊದಲ ಏಳು ತಿಂಗಳ ಒಟ್ಟು ಹೀಗಿದೆ. ಹೋದ ಮನೆಗಳು ಹತ್ತೊಂಬತ್ತು. ಬೀಗ ಹಾಕಿದ್ದವು ಎರಡು. ಕುಡಿದ ಚಹಾ ಹದಿನಾಲ್ಕು. ಕೂಡಿಸಿಕೊಟ್ಟ ಬಾಗಿಲು ನಾಲ್ಕು, ಅವುಗಳಲ್ಲಿ ಸರಿಯಾಗಿ ಮುಚ್ಚುವುದು ಒಂದು. "ನಿಮ್ಮದೇನು ತಪ್ಪು ಬಿಡ್ರಿ" ಎಂದವರು ಹದಿನಾರು. ಬರೆದು ಹೊಡೆದುಹಾಕಿದ್ದು ಒಂದು. ಬೈದವರು ಸೊನ್ನೆ.

ಮಾಮಾ ಬೇಲೀಫನಾಗಿದ್ದ. ಬೇಲೀಫ ಎಂದರೆ ಕೋರ್ಟಿನ ತೀರ್ಪನ್ನು ಜನರ ಹೊಸ್ತಿಲವರೆಗೆ ಹೊತ್ತು ಹೋಗುವ ನೌಕರ. ಜಡ್ಜ್ ಸಾಹೇಬರು ತಣ್ಣಗೆ ಕುಳಿತು "ಮನೆ ಖಾಲಿ ಮಾಡಿಸಿ ವಾದಿಗೆ ಸ್ವಾಧೀನ ಕೊಡತಕ್ಕದ್ದು" ಎಂದು ಬರೆಯುತ್ತಾರೆ. ಕಾಗದಕ್ಕೆ ಕಾಲಿಲ್ಲವಲ್ಲ! ಆದ್ದರಿಂದ ಒಬ್ಬ ಬೇಲೀಫ, ಇಬ್ಬರು ಪೊಲೀಸರು, ಒಂದು ಹಾರೆ ಹೋಗಬೇಕಾಗುತ್ತದೆ. ಒಳಗಿನವರು ಬಾಗಿಲು ತೆಗೆದರೆ ಸರಿ. ತೆಗೆಯದಿದ್ದರೆ ಹಾರೆ ತೆಗೆಯುತ್ತದೆ. ಸಂಜೆ ಐದರೊಳಗೆ ರಿಪೋರ್ಟು ಸಲ್ಲಿಸಬೇಕು. ಮಾಮಾನ ರಿಪೋರ್ಟು ಯಾವಾಗಲೂ ಒಂದೇ ಸಾಲು: "ಶಾಂತಿಯುತವಾಗಿ ಸ್ವಾಧೀನ ಕೊಡಲಾಯಿತು."

ನಿವೃತ್ತಿಯಾದ ಮೇಲೆ ಒಂದು ದಿನ ಊಟಕ್ಕೆ ಕುಳಿತಾಗ ಅವನೇ ಹೇಳಿದ್ದು: "ಆ ಸಾಲು ನಾ ಮುಂಜಾನಿ ಹೊಂಡೂಕಿಂತ ಮೊದಲಽ ಬರದಿಟ್ಟಿರ್ತಿದ್ದೆ. ಟೈಮ್ ಬರಿಯೂ ಜಾಗಾ ಅಷ್ಟ ಖಾಲಿ ಬಿಡತಿದ್ದೆ."

"ಮತ್ತ ಅಲ್ಲಿ ಗಲಾಟೆ ಆದ್ರ?" ಎಂದೆ ನಾನು.

"ಗಲಾಟೆ ಆಗಲಾರದ ದಿನಾನಽ ಇರಲಿಲ್ಲ. ಗಲಾಟೆ ಮುಗದ ಮ್ಯಾಲ ಶಾಂತಿ ಆಗತಿತ್ತಲ್ಲ, ಅದನ್ನ ಬರೀತಿದ್ದೆ."

ನಾನು ಎಲ್ಎಲ್‌ಬಿ ಕೊನೆಯ ವರ್ಷದಲ್ಲಿದ್ದೇನೆ. ಕಾಲೇಜಿಗಾಗಿ ಮಾಮಾನ ಮನೆಯಲ್ಲೇ ಇರುತ್ತೇನೆ. "ಕಾನೂನು ಎಂದರೆ ಹಿಂಸೆಯನ್ನು ಕೊನೆಗಾಣಿಸುವ ವ್ಯವಸ್ಥೆ" ಎಂದು ಮೂರು ಪರೀಕ್ಷೆಗಳಲ್ಲಿ ಬರೆದು ಮೂರರಲ್ಲೂ ಪೂರ್ತಿ ಅಂಕ ಪಡೆದಿದ್ದೆ. ಆ ರಾತ್ರಿ ಅರ್ಧ ರೊಟ್ಟಿ ಬಿಟ್ಟು ಎದ್ದೆ.

ಮಾಮಾ ಸುಮ್ಮನಿದ್ದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ಮಾರನೆಯ ವಾರ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಕೀಲು, ಚಿಲಕ, ಸ್ಕ್ರೂ, ಒಂದು ಉಳಿ, ಒಂದು ಸುತ್ತಿಗೆ ತಂದ. ಓಣಿಯ ಬಡಿಗನ ಹತ್ತಿರ ಒಂದು ತಿಂಗಳು ಬಾಗಿಲು ಕೂಡಿಸುವುದನ್ನು ಕಲಿತ. ಅರವತ್ತು ದಾಟಿದ ಶಿಷ್ಯನಿಗೆ ಕೈಯಲ್ಲಿ ಎರಡು ಗಾಯ ಬಿಟ್ಟರೆ ಹೆಚ್ಚಿನ ವಿದ್ಯೆ ಹತ್ತಲಿಲ್ಲ. ಪ್ರಯೋಗಕ್ಕೆ ನಮ್ಮ ಬಚ್ಚಲುಮನೆಯ ಬಾಗಿಲನ್ನೇ ಆರಿಸಿಕೊಂಡ. ಅಂದಿನಿಂದ ಅದು ಮುಚ್ಚುವುದಿಲ್ಲ. ಒಳಗಿದ್ದವರು ಹಾಡು ಹೇಳುತ್ತಲೇ ಇರಬೇಕೆಂಬುದು ಈಗ ಮನೆಯ ನಿಯಮ.

ಅತ್ತೆ ಹಣೆ ಚಚ್ಚಿಕೊಂಡಳು. "ಮೂವತ್ತ ವರ್ಷ ಮುರಿಯೂದಽ ಕಲಿತ್ರಿ, ಈಗ ಕೂಡಸೂದು ಎಲ್ಲಿಂದ ಬರಬೇಕ್ರಿ ನಿಮಗ?"

"ಅದಕ್ಕಽ ಹೋಗಾಕತ್ತೇನಿ," ಎಂದ ಮಾಮಾ. "ನಾ ಮುರದ ಬಾಗಲಾ ಅದಾವಲ್ಲ, ಒಂದೊಂದಕ್ಕೂ ಹೋಗಿ ನಿಂದರ್ತೀನಿ. ಕೂಡಸು ಅಂದ್ರ ಕೂಡಸ್ತೀನಿ. ಬೈತೀನಿ ಅಂದ್ರ ಬೈಸಿಕೋತೀನಿ."

"ಬಡದ್ರ?"

"ಬಡಸಿಕೋತೀನಿ."

ಅತ್ತೆ ನನ್ನ ಕಡೆ ತಿರುಗಿದಳು. "ನೀ ಸಂಗಾಟ ಹೋಗವ್ವಾ. ಇವರು ಬಡಸಿಕೊಂಡು ಎಲ್ಲೆರೆ ಬಿದ್ರ ರಿಕ್ಷಾದಾಗ ಹಾಕ್ಕೊಂಡ್ ಬರಾಕ ಒಬ್ರು ಬೇಕು."

ಹೀಗೆ ನನ್ನ ರವಿವಾರಗಳು ಹೋದವು.

ಮೊದಲ ಮನೆ ತೊರವಿಯಲ್ಲಿ. ಮನೆಯ ಯಜಮಾನ ಮಾಮಾನನ್ನು ಗುರುತು ಹಿಡಿದದ್ದೇ ತಡ, ಹೆಂಡತಿ ಮಕ್ಕಳನ್ನೆಲ್ಲ ಒಳಗೆ ನೂಕಿ ಬಾಗಿಲು ಹಾಕಿಕೊಂಡು ಕಿಟಕಿಯಿಂದ ಕೇಳಿದ: "ಈಗ್ಯಾವ ನೋಟೀಸ್ ತಂದೀರಿ?"

"ನೋಟೀಸ್ ಇಲ್ರಿ. ಹನ್ನೊಂದ ವರ್ಷದ ಹಿಂದ ನಾ ನಿಮ್ಮ ಬಾಗಲಾ ಮುರದಿದ್ದೆ. ಕೂಡಸಾಕ ಬಂದೇನಿ."

ಅವನು ಕಿಟಕಿಯಿಂದಲೇ ಮಾಮಾನ ಚೀಲವನ್ನು ಇಣುಕಿ ನೋಡಿದ. ಕೋರ್ಟಿನ ಹೊಸ ತಂತ್ರ ಇರಬಹುದೆಂದು ಅವನು ಯೋಚಿಸಿರಬೇಕು. ಕೊನೆಗೆ ಹೊರಗೆ ಬಂದು, ಆ ಮನೆ ಆಗಲೇ ಹೋಯಿತೆಂದೂ, ಇದು ಬಾಡಿಗೆಯದೆಂದೂ, ಇದರ ಬಾಗಿಲು ಕಬ್ಬಿಣದ್ದೆಂದೂ ವಿವರಿಸಿ ಚಹಾ ತರಿಸಿದ. "ನಿಮ್ದೇನ ತಪ್ಪು ಬಿಡ್ರಿ ಸಾಹೇಬ್ರ. ಕೋರ್ಟಿನ ಹುಕುಂ ಇತ್ತು, ನೀವು ಮಾಡಿದ್ರಿ."

ಮಾಮಾ ಕಪಾಳಕ್ಕೆ ಹೊಡೆಸಿಕೊಂಡವನಂತೆ ಹೊರಗೆ ಬಂದ. "ಚಹಾ ಕುಡಿಸಿ ಕಳಿಸಿದಾ," ಎಂದ, ಯಾರೋ ವಿಷ ಕುಡಿಸಿದ ಧ್ವನಿಯಲ್ಲಿ.

ಎಲ್ಲ ಕಡೆಯೂ ಇದೇ ಆಯಿತು. ಕನಮಡಿಯ ಒಂದು ಮನೆಯಲ್ಲಿ ನಾಯಿಯೊಂದು ಮಾಮಾನ ಧೋತರ ಹಿಡಿದು ಎಳೆಯಿತು. ಅವನ ಮುಖದಲ್ಲಿ ಏಳು ತಿಂಗಳಲ್ಲಿ ಮೊದಲ ಸಲ ಸ್ವಲ್ಪ ಕಳೆ ಬಂತು. ಆ ಮನೆಯಲ್ಲಿ ಕಾನೂನಿನ ತಿಳಿವಳಿಕೆ ಇಲ್ಲದ ಪ್ರಾಣಿ ಅದೊಂದೇ. ಆದರೆ ಯಜಮಾನ ಓಡಿ ಬಂದು ನಾಯಿಗೆ ಕಲ್ಲೆಸೆದು, ಮಾಮಾನ ಕಾಲು ತೊಳೆಯಲು ನೀರು ಕೊಟ್ಟು, ಕ್ಷಮೆ ಕೇಳಿದ. ಯಾರು ಯಾರಿಗೆ ಕ್ಷಮೆ ಕೇಳಬೇಕಿತ್ತು? ಮನೆ ಕಳೆದುಕೊಂಡವನು, ಮನೆ ಬಿಡಿಸಿದವನ ಧೋತರ ಹರಿದದ್ದಕ್ಕೆ!

ಅಲ್ಲಿಯವರೆಗೆ ಮಾಮಾನನ್ನು ಕಂಡು ನಗುತ್ತಿದ್ದ ನನಗೆ ಆ ದಿನ ನಗು ಬರಲಿಲ್ಲ. ಸಿಟ್ಟು ಬಂತು. ಜನ ಒಳ್ಳೆಯವರು ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಅದು ಒಳ್ಳೆಯತನವಾಗಿರಲಿಲ್ಲ. ಗುಡುಗಿಗೆ, ಬರಸಿಡಿಲಿಗೆ ಯಾರೂ ಬೈಯುವುದಿಲ್ಲ ನೋಡಿ, ಅದೇ ರೀತಿ. ಹಾರೆ ಹಿಡಿದು ಬಂದ ಮನುಷ್ಯನನ್ನು ಆಕಾಶದಿಂದ ಬಿದ್ದವನೆಂದು ನಂಬುವಂತೆ ಅವರಿಗೆ ಯಾರೋ ಕಲಿಸಿದ್ದರು.

ಟಿಕೋಟಾದಲ್ಲಿ ಇನ್ನೂ ಚೆನ್ನಾಗಿ ಆಯಿತು. ಅಲ್ಲಿ ಸೋತವರು ಊರು ಬಿಟ್ಟಿದ್ದರು. ಮಾಮಾ ತಟ್ಟಿದ ಬಾಗಿಲು ಗೆದ್ದವರದು. ಆ ಯಜಮಾನ ಮಾಮಾನನ್ನು ಕಂಡು ಕುಣಿದಾಡಿದ. ನೆರೆಹೊರೆಯವರನ್ನು ಕೂಗಿ ಕರೆದ. "ನಮಗ ನ್ಯಾಯ ಕೊಡಸಿದ ಪುಣ್ಯಾತ್ಮ ಇವರಽ ನೋಡ್ರಿ!" ನಮ್ಮ ಕಡೆ ಗೌರವದ ಅತಿಥಿಗೆ ಟಾವೆಲ್ಲು ಹೊದಿಸಿ ಟೋಪಿ ಇಡುವ ಪದ್ಧತಿಯಿದೆ. ಬೈಸಿಕೊಳ್ಳಲು ಹೋದ ಮಾಮಾ ಟಾವೆಲ್ಲು, ಟೋಪಿ, ಒಂದು ತೆಂಗಿನಕಾಯಿಯೊಂದಿಗೆ ಬಸ್‌ಸ್ಟ್ಯಾಂಡಿಗೆ ಬಂದ. ಎದುರಿಗೆ ಬಂದವರೆಲ್ಲ ಪಂಚಾಯ್ತಿ ಸದಸ್ಯರಿರಬೇಕೆಂದು ನಮಸ್ಕಾರ ಮಾಡಿದರು. ಫಲಿತಾಂಶದ ಕಾಲಮ್ಮಿನಲ್ಲಿ ಏನು ಬರೆಯಬೇಕೆಂದು ತಿಳಿಯದೆ "ಸನ್ಮಾನ" ಎಂದು ಬರೆದೆ. ಮಾಮಾ ಇಣುಕಿ ನೋಡಿ, ಪೆನ್ನು ಕಸಿದುಕೊಂಡು ಅದನ್ನು ಹೊಡೆದುಹಾಕಿದ.

ಇಷ್ಟಾದ ಮೇಲೆ ಅವನು ಒಂದು ಮಧ್ಯಾಹ್ನ ಕೋರ್ಟಿನ ಹತ್ತಿರದ ಚಹಾದಂಗಡಿಯಲ್ಲಿ ತನಗೆ ಪರಿಚಯದ ವಕೀಲರೊಬ್ಬರನ್ನು ಹಿಡಿದು ಕೂರಿಸಿದ. ನಾನು ಪಕ್ಕದಲ್ಲೇ ಇದ್ದೆ.

"ವಕೀಲಸಾಹೇಬ್ರ, ಬಾಗಲಾ ಮುರದಾಂವ ಯಾಂವ?"

"ನೀ ಅಲ್ಲೋ ಯಪ್ಪಾ. ವಾರಂಟ್ ಇತ್ತು ನಿನಗ."

"ವಾರಂಟ್ ಕೇಳಿದಾವ್ರು ನೀವು."

"ಕಕ್ಷಿದಾರ ಹೇಳ್ದ, ಅರ್ಜಿ ಹಾಕಿದ್ವಿ. ಮುರೀರಿ ಅಂತ ನಾವೆಲ್ಲಿ ಬರದ್ವಿ?"

"ಜಡ್ಜ್ ಸಾಹೇಬ್ರು ಬರದಾರಲ್ಲ?"

"ಅವರು ಕಲಂ ಪ್ರಕಾರ ಬರೀತಾರ. ಅವರ ಸ್ವಂತದ್ದೇನೈತಿ ಅದರಾಗ?"

"ಕಲಂ ಮಾಡಿದಾವ್ರು?"

"ಆರಿಸಿ ಬಂದಾವ್ರು."

"ಅವರನ್ನ ಆರಿಸಿದಾವ್ರು?"

"ಮಂದಿ," ಎಂದರು ವಕೀಲರು, ಗೆದ್ದ ಖುಷಿಯಲ್ಲಿ.

ಮಾಮಾ ಕಪ್ಪು ಕೆಳಗಿಟ್ಟ. "ಅಂದ್ರ ಒಳಗ ಕುಂತು ಅಳಾಕತ್ತಿದ್ದ ಮಂದೀನಽ ತಮ್ಮ ಬಾಗಲಾ ತಾವಽ ಮುರಕೊಂಡಾರ. ನಾ ಸುಮ್ಮನ ಹಾರಿ ಹಿಡಕೊಂಡು ಬಾಜೂಕ ನಿಂತಿದ್ದೆ."

ಅಂಗಡಿಯವರೆಲ್ಲ ನಕ್ಕರು. ವಕೀಲರೂ ನಕ್ಕು, ಬೆನ್ನು ತಟ್ಟಿ, ಮಾಮಾನ ಚಹಾದ ದುಡ್ಡನ್ನೂ ತಾವೇ ಕೊಟ್ಟು ಹೋದರು. ಹದಿನೈದನೆಯ ಚಹಾ.

ನಾನು ಮನೆಗೆ ಬರುವ ದಾರಿಯುದ್ದಕ್ಕೂ ಮಾಮಾನ ಮೇಲೆ ಹರಿಹಾಯ್ದೆ. ಒಳಗೊಳಗೆ ಸಿಟ್ಟಿದ್ದದ್ದು ನನ್ನ ಪುಸ್ತಕಗಳ ಮೇಲೆ. ಆದರೆ ಪುಸ್ತಕ ತಿರುಗಿ ಮಾತಾಡುವುದಿಲ್ಲವಲ್ಲ. "ಕಾನೂನು ಇಲ್ಲಂದ್ರ ಏನಾಗತೈತಿ ಗೊತ್ತೈತೇನು ಮಾಮಾ? ಬಲಾ ಇದ್ದಾಂವ ಬಡಿಗಿ ತಗೊಂಡು ಬರ್ತಾನ."

"ನಾ ಏನ ಹೂವಿನ ಮಾಲಿ ತಗೊಂಡು ಹೋಗಿದ್ನೇನು?"

"ನೀ ಹೋಗಿದ್ದು ನ್ಯಾಯದ ಸಲುವಾಗಿ."

"ಬಡಿಗಿ ತಗೊಂಡು ಬರಾಂವನೂ ಹಂಗಽ ಅಂತಾನ. ನೋಡವ್ವಾ, ಎಲ್ಲಾರ ಕೈಯಾಗಿನ ಬಡಿಗಿ ಕಸಗೊಂಡ್ರು. ಚಲೋನಽ ಆತು. ಆದ್ರ ಸುಟ್ಟ ಹಾಕಲಿಲ್ಲ. ಒಂದು ಖೋಲ್ಯಾಗ ಒಟ್ಟಿ ಇಟ್ಟು, ಬಾಗಲದ ಮ್ಯಾಲ ನ್ಯಾಯ ಅಂತ ಬೋರ್ಡ್ ಹಾಕಿದ್ರು. ಆ ಖೋಲಿ ಕೀಲಿ ನನ್ನ ಹಂತ್ಯಾಕ ಇತ್ತು, ಗೊತ್ತೈತಿ ನನಗ."

"ಹಂಗಾದ್ರ ಕಾನೂನಽ ಬ್ಯಾಡಂತಿಯೇನು?"

ಅವನು ರೈಲುಗೇಟಿನ ಹತ್ತಿರ ನಿಂತ. "ಬ್ಯಾಡಂತ ಎಲ್ಲಿ ಅಂದ್ನಿ? ಬೇಕು. ಬಾಡಗಿಯಾಂವ ಬಿಡಲಿಲ್ಲಂದ್ರ ಮನಿ ಮಾಲಕ ಎಲ್ಲಿಗೆ ಹೋಗಬೇಕು? ಆದ್ರ ಹಾರಿ ಹಾಕಿದ ಮ್ಯಾಲ ಹಾರಿ ಹಾಕೇನಿ ಅನ್ನಬೇಕು. ಇಂಥಾಂವ ಹಾಕ್ಯಾನ ಅನ್ನಬೇಕು. ಶಾಂತಿ ಅಂತ ಬರೀಬಾರದು."

ಮುಂದಿನ ಕಿರುಪರೀಕ್ಷೆಯಲ್ಲಿ ಕಾನೂನಿನ ವ್ಯಾಖ್ಯೆ ಮತ್ತೆ ಬಂತು. ಈ ಮಾತುಗಳನ್ನು ಶಿಷ್ಟ ಕನ್ನಡಕ್ಕೆ ತಿರುಗಿಸಿ ಒಂದೂವರೆ ಪುಟ ಬರೆದೆ. ಹತ್ತಕ್ಕೆ ಎರಡು ಅಂಕ, ಬದಿಗೆ ಕೆಂಪು ಶಾಯಿಯಲ್ಲಿ "ವಿಷಯಾಂತರ." ವಿಷಯಕ್ಕೆ ಬಂದದ್ದೇ ಅಂದು ಮೊದಲ ಸಲ ಎಂದು ಯಾರಿಗೆ ಹೇಳಲಿ?

ಪಟ್ಟಿಯಲ್ಲಿ ಕೊನೆಗೆ ಒಂದೇ ಮನೆ ಉಳಿಯಿತು, ಬಬಲೇಶ್ವರದ್ದು. ಅದನ್ನು ಮಾಮಾ ಆರು ರವಿವಾರ ಮುಂದೂಡಿದ. ಕಾರಣಗಳನ್ನು ಬರೆದಿಟ್ಟಿದ್ದೇನೆ: ಮೊಣಕಾಲು ನೋವು ಎರಡು ಸಲ, ಅಮಾವಾಸ್ಯೆ ಒಂದು, ಬಸ್ಸು ತಪ್ಪಿದ್ದು ಒಂದು (ಬಸ್ಸು ಎದುರಿಗೇ ನಿಂತಿತ್ತು), ಕಾರಣ ಹೇಳದ್ದು ಎರಡು. ಏಳನೆಯ ರವಿವಾರ ಬಸ್ಸಿನಲ್ಲಿ ಕುಳಿತ ಮೇಲೆ ತಾನಾಗಿ ಹೇಳಿದ.

ಕಾಶೀಬಾಯಿ ಎಂಬಾಕೆ. ಗಂಡ ತೀರಿಕೊಂಡ ಮೇಲೆ ಕೌದಿ ಹೊಲಿದು ಬದುಕುತ್ತಿದ್ದಳು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಕಿ ಕೈಯಿಂದ ಹೊಲಿಯುವ ಆ ಹೊದಿಕೆಗಳಿಗೆ ವಿಜಯಪುರದಿಂದಲೂ ಜನ ಬರುತ್ತಿದ್ದರಂತೆ. ಕೇಸು ಸುಳ್ಳಾಗಿರಲಿಲ್ಲ. ಮನೆ ಅವಳದಲ್ಲ, ಮಾಲೀಕನ ಕಾಗದಗಳು ಸರಿಯಿದ್ದವು, ತೀರ್ಪೂ ಸರಿಯಿತ್ತು. ಅವಳು ಬಾಗಿಲ ಚೌಕಟ್ಟನ್ನು ಅವುಚಿ ಹಿಡಿದು ಬಿಡದೆ ನಿಂತಳು. ಪೊಲೀಸರು ಹೆಂಗಸನ್ನು ಮುಟ್ಟಲು ಹಿಂಜರಿದರು. ಮಾಮಾ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

"ಎರಡು ಬಟ್ಟ ಲಟಕ್ಕಂದ್ವು. ನನಗ ಕೇಳಿಸ್ತು," ಎಂದ. "ರಿಪೋರ್ಟ ಕಿಸೇದಾಗ ಇತ್ತು. ಅಲ್ಲೇ ನಿಂತು ಟೈಮ್ ಬರದೆ."

ಅವನನ್ನು ನೋಡುವುದು ನನಗೆ ಕಷ್ಟವಾಯಿತು. ಕಿಟಕಿಯ ಕಡೆ ತಿರುಗಿ ಕುಳಿತೆ.

ಬಬಲೇಶ್ವರದಲ್ಲಿ ವಿಚಾರಿಸುತ್ತ ಹೋದಾಗ ಊರ ಅಂಚಿನಲ್ಲಿ ಅವಳ ಮಗ ಕಟ್ಟಿಸಿದ ಮನೆ ತೋರಿಸಿದರು. ಬಾಗಿಲು ಹೊಸದು. ಗಟ್ಟಿ ಸಾಗುವಾನಿ, ಹೊಳೆಯುವ ಹಿತ್ತಾಳೆಯ ಹಿಡಿಕೆ. ಮಾಮಾ ಉಳಿ, ಸುತ್ತಿಗೆಯ ಚೀಲ ಹಿಡಿದುಕೊಂಡು ಅದರ ಮುಂದೆ ನಿಂತ. ಕೂಡಿಸಲು ಅಲ್ಲಿ ಏನೂ ಇರಲಿಲ್ಲ. ಅಂಗಳದ ಬೇವಿನ ಮರದಡಿ ಶೇಂಗಾ ಸುಲಿಯುತ್ತಿದ್ದ ಎಪ್ಪತ್ತರ ಹತ್ತಿರದ ಹೆಂಗಸು ತಲೆಯೆತ್ತಿದಳು.

"ಯಾರು?"

"ಯಕ್ಕಾ, ನಾ ಕೋರ್ಟಿನಾಂವ. ಹದಿನಾರ ವರ್ಷದ ಹಿಂದ ನಿಮ್ಮನ್ನ ಮನಿ ಹೊರಗ ಹಾಕಿದಾಂವ. ನಿಮ್ಮ ಬಟ್ಟ ಮುರದಾಂವ ನಾನಽ."

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಒಳಗಿನಿಂದ ಬಂದ ಸೊಸೆ ಸೆರಗು ಸರಿಮಾಡಿಕೊಂಡು, ನಾನು ಹದಿನಾರು ಸಲ ಕೇಳಿದ ಮಾತನ್ನೇ ಶುರುಮಾಡಿದಳು: "ಇರ್ಲಿ ಬಿಡ್ರಿ ಕಾಕಾ, ನಿಮ್ದೇನ ತಪ್ಪು? ಕೋರ್ಟಿನ—"

"ನೀ ಸುಮ್ಕಿರು," ಎಂದಳು ಕಾಶೀಬಾಯಿ.

ಶೇಂಗಾದ ಮೊರ ಬದಿಗಿಟ್ಟು ಎದ್ದು ಬಂದಳು. ಮಾಮಾನ ಎದುರಿಗೆ ಒಂದು ಗೇಣು ದೂರದಲ್ಲಿ ನಿಂತಳು. ನನ್ನ ಗಡಿಯಾರದಲ್ಲಿ ಹನ್ನೆರಡು ಗಂಟೆ ಹತ್ತು ನಿಮಿಷ. ಏಪ್ರಿಲ್ ತಿಂಗಳ ಬಿಸಿಲು ನೆತ್ತಿಗೇ ಇತ್ತು.

"ಕೋರ್ಟ ನನ್ನ ಬಟ್ಟ ಹಿಡದಿತ್ತೇನು? ಕೋರ್ಟಿಗೆ ಉಗರ ಅದಾವೇನು? ನಿನ್ನ ಉಗರ ನಟ್ಟಿದ್ವು ನನ್ನ ಕೈಯಾಗ. ಮನಿ ಅವರದು, ನನಗ ಗೊತ್ತಿರಲಿಲ್ಲೇನು? ನಾಕ ದಿನಾ ಕೊಡು ಅಂತ ಕಾಲ ಹಿಡದ್ನಿ. ಹಿಡದ್ನೋ ಇಲ್ಲೋ?"

"ಹಿಡದ್ರಿ ಯಕ್ಕಾ."

"ಹಿಟ್ಟಿನ ಡಬ್ಬಿ ಅಂಗಳದಾಗ ಬೋರಲ ಹಾಕಿದಿ. ಹಿಟ್ಟ ಏನ ಮಾಡಿತ್ತಲೇ ನಿನಗ? ನಿನ್ನ ಕಾಗದದಾಗ ಹಿಟ್ಟ ಚೆಲ್ಲು ಅಂತ ಬರದಿತ್ತೇನು?"

"ಇಲ್ಲ."

"ಮತ್ಯಾಕ ಚೆಲ್ಲಿದಿ?"

"ಗಡಿಬಿಡಿ ಇತ್ತು. ಐದರೊಳಗ ರಿಪೋರ್ಟ ಕೊಡಬೇಕಿತ್ತು."

"ನಿನ್ನ ರಿಪೋರ್ಟಿಗೆ ಬೆಂಕಿ ಹತ್ತಲಿ! ಅದರ ಮರುದಿನದಿಂದ ಸೂಜಿ ಹಿಡಿಯಾಕ ಬರಲಿಲ್ಲ ನನಗ. ಕೌದಿ ಹೊಲಿಯಾಕಿ ನಾನು, ಮಂದಿ ಮನ್ಯಾಗ ಹಾಸಿಗಿ ಎತ್ತಿ ಇಟ್ಟು ಬದುಕೇನಿ. ಬೈಯಬೇಕಂದ್ರ ಯಾರಿಗೆ ಬೈಯಲಿ? ಆ ಕೋರ್ಟಿನಾಂವ, ಆ ಕೋರ್ಟಿನಾಂವ ಅಂತ ಗ್ವಾಡಿಗೆ ಬೈದೇನಿ ಹದಿನಾರ ವರ್ಷ. ಹೆಸರಽ ಇಲ್ಲದಾಂವಗ ಬೈಗಳ ಹೆಂಗ ಹತ್ತಬೇಕು? ಏನ್ ನಿನ್ನ ಹೆಸರು?"

ಮಾಮಾ ಹೇಳಿದ. ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು, ವಯಸ್ಸು, ಮಾಡುತ್ತಿದ್ದ ಉದ್ಯೋಗ, ಈಗಿನ ವಿಳಾಸ, ಒಂದನ್ನೂ ಬಿಡದೆ, ನೆಟ್ಟಗೆ ನಿಂತು ಹೇಳಿದ.

ಆಮೇಲೆ ಅವಳು ಹೆಸರು ಹಿಡಿದು ಶುರುಮಾಡಿದಳು. ಅಂಥ ಬೈಗುಳವನ್ನು ನಾನು ನಳದ ಹತ್ತಿರವೂ ಕೇಳಿಲ್ಲ, ಇಲ್ಲಿ ಬರೆಯುವಂತೆಯೂ ಇಲ್ಲ. ಸೊಸೆ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು. ಬೇಲಿಯಾಚೆ ನಾಲ್ಕು ಜನ ಸೇರಿದರು. ಅವರಲ್ಲೊಬ್ಬ "ಬಿಡಬೇ ಕಾಶಕ್ಕ, ವಯಸ್ಸಾಗೈತಿ ಅವರಿಗೆ" ಎಂದ. ಅವನಿಗೂ ಒಂದು ಪಾಲು ಬಿತ್ತು. ಮಾಮಾ ಪ್ರತಿ ಮಾತಿಗೂ "ಹೌದು" ಎನ್ನುತ್ತಿದ್ದ. ಚೀಲ ಯಾವಾಗಲೋ ಕೈಯಿಂದ ಜಾರಿ, ಸ್ಕ್ರೂಗಳೆಲ್ಲ ಅಂಗಳದ ತುಂಬ ಹರಡಿದ್ದವು. ಅವನ ಮುಖ ಕೆಂಪಾಗಿತ್ತು, ಹಣೆಯಿಂದ ಬೆವರು ಇಳಿಯುತ್ತಿತ್ತು. ಕೂರು ಎಂದು ನಾನು ಹೇಳಲಿಲ್ಲ. ಹೇಳುವ ಹಕ್ಕು ನನಗಿರಲಿಲ್ಲ.

ಅವಳು ಬೈಯುತ್ತಲೇ ಇದ್ದಳು. ಬೈಯುತ್ತಲೇ ಬಲಗೈ ಚಾಚಿ ಅವನ ತೋಳು ಹಿಡಿದಳು. ಮೂರು ಬೆರಳು ತೋಳನ್ನು ಸುತ್ತಿದವು, ಎರಡು ನೆಟ್ಟಗೆ ನಿಂತವು. ಹಾಗೇ ಅವನನ್ನು ಎರಡು ಹೆಜ್ಜೆ ನಡೆಸಿ ಬೇವಿನ ನೆರಳಿಗೆ ತಂದು ನಿಲ್ಲಿಸಿದಳು. ಅಷ್ಟೂ ಹೊತ್ತು ಬೈಗುಳ ಒಂದು ಉಸಿರಿನಷ್ಟೂ ನಿಲ್ಲಲಿಲ್ಲ.